ಯಾವ ಡಿಫ್ಯೂಸರಿಗೆ ಯಾವ ಸುಗಂಧ ತೈಲ? ಕರಾವಳಿಯ ಮನೆಗಳಿಗೊಂದು ಮಾರ್ಗದರ್ಶಿ

ಮಳೆಗಾಲ ಹಿಡಿಯುತ್ತಿದ್ದಂತೆ ಮಂಗಳೂರು, ಉಡುಪಿಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರತೊಡಗುತ್ತದೆ. ಮನೆಯ ಮುಗ್ಗಲು ವಾಸನೆ ಹೋಗಲೆಂದು ಡಿಫ್ಯೂಸರ್ (ಸುಗಂಧ ತೈಲವನ್ನು ಗಾಳಿಗೆ ಹರಡುವ ಸಾಧನ) ತಂದೆವು, ಎಣ್ಣೆಯನ್ನೂ ಹಾಕಿದೆವು, ಹದಿನೈದು ದಿನ ಚೆನ್ನಾಗಿತ್ತು, ಈಗ ಮಂಜೇ ಏಳುತ್ತಿಲ್ಲ. ಯಂತ್ರ ಕೆಟ್ಟಿತೇ, ಎಣ್ಣೆ ಕಳಪೆಯೇ? ಹೆಚ್ಚಿನ ಸಂದರ್ಭಗಳಲ್ಲಿ ಎರಡೂ ಅಲ್ಲ. ಯಂತ್ರವೂ ಸರಿಯಿರುತ್ತದೆ, ಎಣ್ಣೆಯೂ ಸರಿಯಿರುತ್ತದೆ, ಆದರೆ ಅವೆರಡಕ್ಕೂ ಹೊಂದಿಕೆಯಿರುವುದಿಲ್ಲ. ಅಂಗಡಿಯಲ್ಲಿ ನಾವು ಮೊದಲು ಬಾಟಲಿಯ ಮುಚ್ಚಳ ತೆರೆದು ಪರಿಮಳ ನೋಡುತ್ತೇವೆ. ನೋಡಬೇಕಾದುದು ನಮ್ಮ ಮನೆಯ ಡಿಫ್ಯೂಸರ್ ಎಣ್ಣೆಯನ್ನು ಗಾಳಿಗೆ ಸೇರಿಸುವ ಬಗೆ ಯಾವುದು ಎಂಬುದನ್ನು. ಅದು ತಿಳಿದರೆ ಯಾವ ಎಣ್ಣೆ ಕೊಳ್ಳಬೇಕು, ಎಷ್ಟು ಹನಿ ಹಾಕಬೇಕು, ಯಾವುದನ್ನು ಹಾಕಲೇಬಾರದು ಎಂಬ ಪ್ರಶ್ನೆಗಳಿಗೆ ಬಹುಮಟ್ಟಿಗೆ ಅಲ್ಲಿಯೇ ಉತ್ತರ ಸಿಗುತ್ತದೆ.

ಕೆಲಸಕ್ಕೆ ಬೇಕಾಗುವ ವಸ್ತುಗಳು ಹೆಚ್ಚೇನಿಲ್ಲ: ನಿಮ್ಮ ಡಿಫ್ಯೂಸರ್, ಅದರ ಜೊತೆಗೆ ಬಂದ ಸೂಚನಾ ಪತ್ರ, ಮನೆಯಲ್ಲಿರುವ ಎಣ್ಣೆಯ ಬಾಟಲಿಗಳೆಲ್ಲ, ಒಂದು ಬಿಳಿ ಕಾಗದ, ಕಿವಿ ಶುಚಿಮಾಡುವ ಹತ್ತಿಕಡ್ಡಿ, ಸ್ವಲ್ಪ ಬಿಳಿ ವಿನೆಗರ್.

ಹಂತ 1: ನಿಮ್ಮ ಡಿಫ್ಯೂಸರ್ ಯಾವ ಜಾತಿಯದು?

ನೀರಿನ ತೊಟ್ಟಿಯಿದ್ದು, ವಿದ್ಯುತ್ತಿನಿಂದ ನಡೆದು, ತಣ್ಣನೆಯ ಮಂಜು ಬಿಡುವುದು ಅಲ್ಟ್ರಾಸಾನಿಕ್ ಡಿಫ್ಯೂಸರ್. ಅದರ ತಳದಲ್ಲಿ ನಾಣ್ಯದಂತಹ ಸಣ್ಣ ತಟ್ಟೆಯೊಂದಿದ್ದು, ಅದು ಸೆಕೆಂಡಿಗೆ ಹದಿನೇಳು ಲಕ್ಷಕ್ಕೂ ಹೆಚ್ಚು ಬಾರಿ ಕಂಪಿಸಿ ನೀರನ್ನೂ ಎಣ್ಣೆಯನ್ನೂ ಕಣಕಣವಾಗಿ ಒಡೆಯುತ್ತದೆ. ಇಲ್ಲಿ ಬಿಸಿ ಇಲ್ಲ. ಮಂಜನ್ನು ಕಂಡು ಅದನ್ನು ಬಿಸಿ ಆವಿಯೆಂದು ತಿಳಿದವರು ಬಹಳ ಮಂದಿ.

ನೀರಿಲ್ಲದೆ, ಗಾಜಿನ ನಳಿಕೆಯಲ್ಲಿ ಅಥವಾ ಬಾಟಲಿಯನ್ನೇ ನೇರವಾಗಿ ತಿರುಪಿ ಕೂರಿಸಿ, ಗಾಳಿಯ ಒತ್ತಡದಿಂದ ಎಣ್ಣೆಯನ್ನು ಚಿಮ್ಮಿಸುವುದು ನೆಬ್ಯುಲೈಸಿಂಗ್ ಡಿಫ್ಯೂಸರ್. ಹೆಸರಿನ ಸಾಮ್ಯದಿಂದ ಒಂದು ಅಪಾಯವಿದೆ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಉಬ್ಬಸದ ರೋಗಿಗಳಿಗೆ ವೈದ್ಯರು ಬರೆದುಕೊಡುವ ನೆಬ್ಯುಲೈಸರ್ ಬೇರೆ, ಇದು ಬೇರೆ. ಔಷಧಿಯ ನೆಬ್ಯುಲೈಸರಿಗೆ ಯಾವ ಸುಗಂಧ ತೈಲವನ್ನೂ, ನೀಲಗಿರಿ ಎಣ್ಣೆಯನ್ನೂ ಸೇರಿಸಿ, ಒಂದು ಹನಿಯೂ ಹಾಕಬಾರದು. ಎಣ್ಣೆ ನೇರವಾಗಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ಬಾಟಲಿಯಲ್ಲಿ ಕಡ್ಡಿಗಳನ್ನು ನಿಲ್ಲಿಸಿದ್ದರೆ ಅದು ರೀಡ್ ಡಿಫ್ಯೂಸರ್. ಕಡ್ಡಿ ಎಣ್ಣೆಯನ್ನು ಹೀರಿಕೊಂಡು ಮೇಲಕ್ಕೆಳೆದು ಗಾಳಿಗೆ ಬಿಡುತ್ತದೆ. ವಿದ್ಯುತ್ತೂ ಬೇಡ, ಬೆಂಕಿಯೂ ಬೇಡ. ಪಿಂಗಾಣಿಯ ಬಟ್ಟಲಿನ ಕೆಳಗೆ ಪುಟ್ಟ ಮೇಣದ ದೀಪ ಉರಿಯುವಂಥದ್ದು, ಅದೇ ಬಟ್ಟಲು ವಿದ್ಯುತ್ತಿನಿಂದ ಕಾಯುವಂಥದ್ದು, ದೇವರ ಕೋಣೆಗೆಂದು ಈಗ ಎಲ್ಲೆಡೆ ಮಾರುವ ವಿದ್ಯುತ್ ಕರ್ಪೂರದಾನಿ, ಈ ಮೂರೂ ಬಿಸಿಯಿಂದ ನಡೆಯುವ ಬಗೆಗೆ ಸೇರಿದವು. ಇವಲ್ಲದೆ ಗೋಡೆಯ ಸಾಕೆಟ್ಟಿಗೆ ಚುಚ್ಚುವ, ಬತ್ತಿಯಿರುವ ಯಂತ್ರವೊಂದಿದೆ. ಸೊಳ್ಳೆ ಓಡಿಸುವ ಯಂತ್ರದ ತಮ್ಮ ಎನ್ನಬಹುದು.

ಹಂತ 2: ಬಾಟಲಿಯಲ್ಲಿ ಇರುವುದೇನು?

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ. ಅಂಗಡಿಯವರಿಗೂ ನಮಗೂ ಎಲ್ಲವೂ ಬರೀ 'ಎಣ್ಣೆ' ಆಗಿರುವುದರಿಂದ ಈ ಹಂತವನ್ನು ಸ್ವಲ್ಪ ನಿಧಾನವಾಗಿ ಓದಿಕೊಳ್ಳಬೇಕೆಂದು ಕೋರುತ್ತೇನೆ.

ಮೊದಲನೆಯದು ಎಸೆನ್ಷಿಯಲ್ ಆಯಿಲ್, ಕನ್ನಡದಲ್ಲಿ ಸಾರತೈಲ ಎನ್ನೋಣ. ಸಸ್ಯದ ಎಲೆ, ಹೂ, ಕಾಂಡ, ಬೇರುಗಳಿಂದ ಹಬೆಯ ಮೂಲಕ ಬಟ್ಟಿ ಇಳಿಸಿ ಅಥವಾ, ಕಿತ್ತಳೆ ಮತ್ತು ನಿಂಬೆಯಂತಹ ಹಣ್ಣಿನ ಸಿಪ್ಪೆಯನ್ನು ಬಿಸಿ ತಾಗಿಸದೆ ಹಿಂಡಿ, ಇದನ್ನು ಪಡೆಯುತ್ತಾರೆ. ಹೆಸರಿನಲ್ಲಿ ಎಣ್ಣೆಯಿದ್ದರೂ ಇದು ಜಿಡ್ಡಲ್ಲ. ತಾನಾಗಿ ಆವಿಯಾಗಿ ಹೋಗುವ ದ್ರವ. ನಮ್ಮ ಹಿತ್ತಿಲಲ್ಲಿ ಬೆಳೆಯುವ ಮಜ್ಜಿಗೆ ಹುಲ್ಲಿನ ಎಣ್ಣೆ, ನೀಲಗಿರಿ ಎಣ್ಣೆ, ಲವಂಗದೆಣ್ಣೆ, ಲಾವಂಚದ ಎಣ್ಣೆ, ಗಂಧದೆಣ್ಣೆ ಇವೆಲ್ಲ ಈ ಗುಂಪಿನವು. ಇವುಗಳಲ್ಲಿಯೂ ಎರಡು ಬಗೆಗಳನ್ನು ಗುರುತಿಸಿಕೊಳ್ಳಬೇಕು. ಕಿತ್ತಳೆ, ನಿಂಬೆ, ನೀಲಗಿರಿ, ಮಜ್ಜಿಗೆ ಹುಲ್ಲು ತೆಳ್ಳಗಿದ್ದು ಬೇಗ ಹಾರುತ್ತವೆ. ಗಂಧ, ಲಾವಂಚ, ಪಚೋಲಿ ಮಂದವಾಗಿದ್ದು ನಿಧಾನವಾಗಿ ಹಾರುತ್ತವೆ, ಬಾಟಲಿಯನ್ನು ಬಗ್ಗಿಸಿದರೆ ಜೇನಿನಂತೆ ಇಳಿಯುತ್ತವೆ.

ಎರಡನೆಯದು ಫ್ರೇಗ್ರೆನ್ಸ್ ಆಯಿಲ್, ಅಂದರೆ ಪರಿಮಳ ತೈಲ. ಪ್ರಯೋಗಾಲಯದಲ್ಲಿ ತಯಾರಾದ ಸುಗಂಧ ರಾಸಾಯನಿಕಗಳನ್ನು, ಕೆಲವೊಮ್ಮೆ ಸಾರತೈಲಗಳನ್ನೂ ಸೇರಿಸಿ, ಒಂದು ದ್ರಾವಕದಲ್ಲಿ ಬೆರೆಸಿದ ಮಿಶ್ರಣವಿದು. 'ಮೊದಲ ಮಳೆ', 'ಕಡಲ ಗಾಳಿ', 'ಫಿಲ್ಟರ್ ಕಾಫಿ' ಎಂಬ ಹೆಸರಿನಲ್ಲಿ ಬರುವುದೆಲ್ಲ ಇದೇ. ಕೃತಕವೆಂದ ಮಾತ್ರಕ್ಕೆ ಕೆಟ್ಟದ್ದೆಂದು ನಾನು ಹೇಳಲಾರೆ. ಸರಿಯಾಗಿ ತಯಾರಿಸಿದ ಪರಿಮಳ ತೈಲಕ್ಕೆ ಅಂತರರಾಷ್ಟ್ರೀಯ ಸುಗಂಧ ಸಂಘ, ಅಂದರೆ ಇಫ್ರಾ, ನಿಗದಿಪಡಿಸಿದ ಮಿತಿಗಳು ಅನ್ವಯವಾಗುತ್ತವೆ. ಒಳ್ಳೆಯ ಮಾರಾಟಗಾರರು ಕೇಳಿದರೆ ಆ ಪ್ರಮಾಣಪತ್ರ ಕೊಡುತ್ತಾರೆ. ಕೃತಕವನ್ನು ಶುದ್ಧವೆಂದು ಹೇಳಿ ಮಾರುವುದು ಮಾತ್ರ ಮೋಸ.

ಈ ಮಾತಿಗೆ ಉಡುಪಿ ಮಲ್ಲಿಗೆಗಿಂತ ಒಳ್ಳೆಯ ಉದಾಹರಣೆ ಸಿಗದು. ಶಂಕರಪುರದ ಮಲ್ಲಿಗೆಯ ಅಟ್ಟೆಯನ್ನು ದಿನವೂ ನೋಡುವ ನಮಗೆ 'ಶುದ್ಧ ಮಲ್ಲಿಗೆ ಎಸೆನ್ಷಿಯಲ್ ಆಯಿಲ್, 10 ಮಿಲಿಲೀಟರ್, 150 ರೂಪಾಯಿ' ಎಂಬ ಚೀಟಿ ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಆದರೆ ಮಲ್ಲಿಗೆಯ ಎಸಳು ಹಬೆಯ ಬಿಸಿಯನ್ನು ತಾಳುವುದಿಲ್ಲ, ಅದರ ಪರಿಮಳ ಕೆಡುತ್ತದೆ. ಆದ್ದರಿಂದ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಹಾಗೆ ಸಿಗುವುದಕ್ಕೆ ಆಬ್ಸಲ್ಯೂಟ್ ಎನ್ನುತ್ತಾರೆ. ರಾಶಿಗಟ್ಟಲೆ ಹೂವಿಗೆ ಸಿಗುವ ಸಾರ ಅತ್ಯಲ್ಪವಾದ ಕಾರಣ ಅದರ ಬೆಲೆ ಈ ಚೀಟಿಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಅಗ್ಗದ ಮಲ್ಲಿಗೆ ಬಾಟಲಿ ಎಂದರೆ ಪರಿಮಳ ತೈಲ ಎಂದೇ ತಿಳಿದು, ಅದಕ್ಕೆ ತಕ್ಕ ಡಿಫ್ಯೂಸರಿನಲ್ಲಿ ಬಳಸಿರಿ. ಗಂಧದೆಣ್ಣೆಗೂ ಇದೇ ಲೆಕ್ಕ. 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದ ನಾಡು ನಮ್ಮದು. ಅಸಲಿ ಗಂಧದೆಣ್ಣೆ ನೂರಿನ್ನೂರು ರೂಪಾಯಿಗೆ ಸಿಗುವ ವಸ್ತುವಲ್ಲ ಎಂಬುದು ನಮಗಾದರೂ ತಿಳಿದಿರಬೇಕು.

ಮೂರನೆಯದು ಕ್ಯಾರಿಯರ್ ಆಯಿಲ್, ಅಂದರೆ ಜಿಡ್ಡೆಣ್ಣೆ: ತೆಂಗಿನೆಣ್ಣೆ, ಎಳ್ಳೆಣ್ಣೆ, ಬಾದಾಮಿ ಎಣ್ಣೆ. ಮೈಗೆ ಹಚ್ಚುವಾಗ ಸಾರತೈಲವನ್ನು ತೆಳುಮಾಡಲು ಇದು ಬೇಕು. ಡಿಫ್ಯೂಸರಿಗೆ ಬೇಡವೇ ಬೇಡ. ಇದು ಆವಿಯಾಗುವುದಿಲ್ಲ, ಅಂಟಿಕೊಂಡು ಕೂರುತ್ತದೆ. 'ಅರೋಮಾ ಆಯಿಲ್' ಎಂದಷ್ಟೇ ಬರೆದು ಮಾರುವ ಕೆಲವು ಬಾಟಲಿಗಳಲ್ಲಿ ಮುಕ್ಕಾಲುಪಾಲು ಜಿಡ್ಡೆಣ್ಣೆಯೇ ಇರುವುದುಂಟು. ನಾನು ಮೊದಲ ಸಲ ಕೊಂಡ ಮಲ್ಲಿಗೆ ಎಣ್ಣೆ ಅಂಥದ್ದೇ ಆಗಿತ್ತು. ಆಷಾಢದ ಚಳಿಗೆ ಅದು ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿದ ಮೇಲೆಯೇ ಒಳಗಿದ್ದುದು ತೆಂಗಿನೆಣ್ಣೆ ಎಂಬುದು ತಿಳಿದದ್ದು, ಅಷ್ಟರಲ್ಲಿ ಡಿಫ್ಯೂಸರಿನ ತಟ್ಟೆಯ ಮೇಲೆ ಬೆರಳಿಗೆ ಅಂಟುವಷ್ಟು ಪದರ ಕಟ್ಟಿತ್ತು.

ನೀವು ಅಷ್ಟು ದಿನ ಕಾಯಬೇಕಿಲ್ಲ. ಬಿಳಿ ಕಾಗದದ ಮೇಲೆ ಒಂದೊಂದು ಎಣ್ಣೆಯ ಒಂದೊಂದು ಹನಿ ಬಿಟ್ಟು, ಪಕ್ಕದಲ್ಲಿ ಅದರ ಹೆಸರು ಬರೆದು, ಅಡುಗೆಮನೆಯ ತೆಂಗಿನೆಣ್ಣೆಯದೂ ಒಂದು ಹನಿ ಹೋಲಿಕೆಗಾಗಿ ಹಾಕಿ, ಗಾಳಿಯಾಡುವಲ್ಲಿ ಒಂದು ದಿನ ಇಡಿ. ಮರುದಿನ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ತೆಂಗಿನೆಣ್ಣೆಯ ಕಲೆ ಎಣ್ಣೆಕಾಗದದಂತೆ ಬೆಳಕು ಬಿಡುತ್ತದೆ. ಕಿತ್ತಳೆ, ನೀಲಗಿರಿಯ ಹನಿ ಬಿದ್ದ ಜಾಗ ಹೆಚ್ಚುಕಡಿಮೆ ಒಣಗಿರಬೇಕು. ಅಲ್ಲಿಯೂ ತೆಂಗಿನೆಣ್ಣೆಯಂತಹ ಕಲೆಯಿದ್ದರೆ ಅದರಲ್ಲಿ ಜಿಡ್ಡು ಬೆರೆತಿದೆ. ಗಂಧ, ಲಾವಂಚ ನಿಧಾನವಾಗಿ ಹಾರುವುದರಿಂದ ಅವುಗಳ ಗುರುತು ಹೆಚ್ಚು ದಿನ ಉಳಿದರೆ ಗಾಬರಿ ಬೇಡ. ಪರಿಮಳ ತೈಲಗಳಲ್ಲಿನ ದ್ರಾವಕವೂ ತಡವಾಗಿ ಒಣಗುವುದರಿಂದ ಈ ಪರೀಕ್ಷೆ ಅವುಗಳಿಗೆ ಅಷ್ಟಾಗಿ ಒಗ್ಗದು.

ರಥಬೀದಿಯ ಗ್ರಂಥಿಗೆ ಅಂಗಡಿಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಚೀಟಿಯಲ್ಲಿ ಸಸ್ಯದ ವೈಜ್ಞಾನಿಕ ಹೆಸರು, ಯಾವ ಭಾಗದಿಂದ ಹೇಗೆ ತೆಗೆದದ್ದು, ತಯಾರಿಯ ದಿನಾಂಕ ಇವಿಷ್ಟನ್ನು ಹುಡುಕಿರಿ. ಬಾಟಲಿ ಕಂದು ಅಥವಾ ಕಡುನೀಲಿ ಗಾಜಿನದಾಗಿರಬೇಕು. ಸಾರತೈಲವನ್ನು ಸಾಧಾರಣ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಕೊಟ್ಟರೆ ಅದನ್ನು ಬಿಟ್ಟುಬಿಡುವುದು ಲೇಸು.

ಅತ್ತರಿನ ಬಗ್ಗೆ ಒಂದು ಮಾತು. ಹೂವಿನ ಸಾರವನ್ನು ಗಂಧದೆಣ್ಣೆಯಲ್ಲಿ ಹಿಡಿದಿಡುವುದು ಅತ್ತರಿನ ಹಳೆಯ ಕ್ರಮ; ಈಗ ಬಹುಪಾಲು ಅಗ್ಗದ ಅತ್ತರುಗಳಲ್ಲಿ ಬೇರೆ ದ್ರಾವಕಗಳಿರುತ್ತವೆ. ಅದು ಮೈಗೆ ಹಚ್ಚುವ ವಸ್ತು, ಯಂತ್ರಕ್ಕೆ ಹಾಕುವುದಲ್ಲ. ಬಟ್ಟೆಗೆ ಹೊಡೆಯುವ ಪರ್ಫ್ಯೂಮ್, ಐಸ್‌ಕ್ರೀಮಿನ ಎಸೆನ್ಸ್, ಪರಿಮಳ ಬೆರೆಸಿದ ದೀಪದ ಎಣ್ಣೆ, ನೆಲ ಒರೆಸುವ ಫಿನಾಯಿಲ್ ಇವನ್ನು ಹಾಕಬಹುದೇ ಎಂದೂ ಕೇಳುತ್ತಾರೆ. ಯಾವುದನ್ನೂ ಹಾಕಬಾರದು.

ಹಂತ 3: ಜೋಡಿ ಕೂಡಿಸುವುದು

ಅಲ್ಟ್ರಾಸಾನಿಕ್ ಯಂತ್ರಕ್ಕೆ ಶುದ್ಧ ಸಾರತೈಲ ಉತ್ತಮ. ತೆಳ್ಳಗಿನದನ್ನು ನೇರವಾಗಿ ಬಳಸಬಹುದು. ಗಂಧ, ಲಾವಂಚದಂತಹ ಮಂದ ಎಣ್ಣೆಯಾದರೆ ಒಂದು ಹನಿಗೆ ಮೂರು ಹನಿ ಕಿತ್ತಳೆಯನ್ನೋ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನೋ ಕೂಡಿಸಿದರೆ ನೀರಿನಲ್ಲಿ ಚೆನ್ನಾಗಿ ಹರಡುತ್ತದೆ, ಪರಿಮಳವೂ ಹೆಚ್ಚು ಹೊತ್ತು ನಿಲ್ಲುತ್ತದೆ. ಪರಿಮಳ ತೈಲ ಹಾಕುವುದಾದರೆ ಬಾಟಲಿಯ ಮೇಲೆ ಅಲ್ಟ್ರಾಸಾನಿಕ್ ಡಿಫ್ಯೂಸರಿಗೆ ಒಗ್ಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರಬೇಕು, ಯಂತ್ರದ ಸೂಚನಾ ಪತ್ರವೂ ಅದಕ್ಕೆ ಒಪ್ಪಿರಬೇಕು. ಅಳತೆ ಹೀಗೆ: 100 ಮಿಲಿಲೀಟರ್ ನೀರಿಗೆ 3ರಿಂದ 5 ಹನಿ. 300 ಮಿಲಿಲೀಟರಿನ ತೊಟ್ಟಿಗೆ 10 ಹನಿ ಹಾಕಿದರೆ, ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂಬ ಲೆಕ್ಕದಲ್ಲಿ, 10 ಮಿಲಿಲೀಟರಿನ ಬಾಟಲಿ ಇಪ್ಪತ್ತು ಸಲಕ್ಕೆ ಸಾಕಾಗುತ್ತದೆ. ಇದಕ್ಕಿಂತ ಬೇಗ ಬಾಟಲಿ ಬರಿದಾಗುತ್ತಿದ್ದರೆ ನೀವು ಹೆಚ್ಚು ಸುರಿಯುತ್ತಿದ್ದೀರಿ ಎಂದರ್ಥ.

ನೀರಿನ ವಿಷಯ ಕರಾವಳಿಯಲ್ಲಿ ಚಿಕ್ಕದಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ಎಷ್ಟೋ ಕಡೆ ಬೋರ್‌ವೆಲ್ ನೀರಿಗೆ ಕಬ್ಬಿಣದ ಅಂಶ ಬೆರೆತು ಬಕೆಟ್ಟು ಕೆಂಪಾಗುವುದನ್ನು ಕಂಡಿದ್ದೀರಿ. ಕಡಲಂಚಿನ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುವುದನ್ನೂ ಬಲ್ಲಿರಿ. ಅಲ್ಟ್ರಾಸಾನಿಕ್ ಯಂತ್ರ ನೀರನ್ನು ಕುದಿಸುವುದಿಲ್ಲ, ಒಡೆಯುತ್ತದೆ; ಆದ್ದರಿಂದ ನೀರಿನಲ್ಲಿರುವ ಉಪ್ಪು, ಖನಿಜಗಳೂ ಮಂಜಿನ ಜೊತೆಗೇ ಗಾಳಿಗೆ ಹೋಗಿ ಟೀವಿಯ ಮೇಲೆ, ಕಪಾಟಿನ ಗಾಜಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತವೆ, ಉಳಿದದ್ದು ತಟ್ಟೆಯ ಮೇಲೆ ಗಟ್ಟಿಯಾಗುತ್ತದೆ. ಕುದಿಸಿ ಆರಿಸಿದ ನೀರಾದರೆ ಸರಿಯಾಗುತ್ತದೆಂಬ ನಂಬಿಕೆ ತಪ್ಪು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಉಪ್ಪು ಹೋಗುವುದಿಲ್ಲ. ಸೂಚನಾ ಪತ್ರ ಬೇರೆ ಹೇಳದಿದ್ದರೆ ಆರ್‌ಒ ಫಿಲ್ಟರಿನ ನೀರು ಸಾಕು. ಹಂಚಿನಿಂದ ಇಳಿವ ಮಳೆನೀರಿನಲ್ಲಿ ಖನಿಜ ಕಡಿಮೆಯಿರುವುದು ನಿಜವಾದರೂ ಅದರೊಂದಿಗೆ ಪಾಚಿಯೂ ಹಕ್ಕಿಯ ಹಿಕ್ಕೆಯೂ ಇಳಿಯುತ್ತದೆ. ಮಂಜಾಗಿ ಉಸಿರಿಗೆ ಸೇರುವ ನೀರು ಕುಡಿಯುವ ನೀರಿನಷ್ಟಾದರೂ ಶುದ್ಧವಿರಲಿ.

ನೆಬ್ಯುಲೈಸಿಂಗ್ ಯಂತ್ರಕ್ಕೆ ತೆಳ್ಳಗಿನ ಶುದ್ಧ ಸಾರತೈಲ ಅಥವಾ ಆ ಯಂತ್ರದ ತಯಾರಕರೇ ಸೂಚಿಸಿದ ಎಣ್ಣೆ ಮಾತ್ರ. ನೀರು ಹಾಕಬಾರದು, ಜಿಡ್ಡೆಣ್ಣೆ ಹಾಕಬಾರದು, ಗಂಧ, ಲಾವಂಚ, ಪಚೋಲಿಗಳನ್ನು ಒಂಟಿಯಾಗಿ ಹಾಕಬಾರದು. ನಳಿಕೆಯ ತೂತು ಕೂದಲೆಳೆಯಷ್ಟು ಸಣ್ಣದಿರುವುದರಿಂದ ಮಂದ ಎಣ್ಣೆ ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಪರಿಮಳ ಬಹಳ ಗಾಢವಾಗಿ ಬರುತ್ತದೆ, ಎಣ್ಣೆಯೂ ಅಷ್ಟೇ ಬೇಗ ಮುಗಿಯುತ್ತದೆ. ಹತ್ತು ಹದಿನೈದು ನಿಮಿಷ ನಡೆಸಿ ನಿಲ್ಲಿಸುವುದು ಒಳ್ಳೆಯದು. ಸಣ್ಣ ಫ್ಲ್ಯಾಟಿಗೆ ಇದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಚಾವಡಿಯಿರುವ ಮನೆಗೆ, ಅಂಗಡಿಗೆ ಸರಿ.

ರೀಡ್ ಡಿಫ್ಯೂಸರಿಗೆ ಪರಿಮಳ ತೈಲವೇ ಹೆಚ್ಚು ಹೊಂದುತ್ತದೆ. ಮನೆಯಲ್ಲಿಯೇ ತುಂಬಿಸುವುದಾದರೆ 'ರೀಡ್ ಡಿಫ್ಯೂಸರ್ ಬೇಸ್' ಎಂಬ ದ್ರಾವಕವನ್ನು ಕೊಳ್ಳಬೇಕು. ಮೇಣದಬತ್ತಿ ತಯಾರಿಕೆಯ ಸಾಮಾನು ಮಾರುವವರಲ್ಲಿ ಇದು ಸಿಗುತ್ತದೆ. 100 ಮಿಲಿಲೀಟರಿಗೆ 75 ಮಿಲಿಲೀಟರ್ ಬೇಸ್, 25 ಮಿಲಿಲೀಟರ್ ಪರಿಮಳ ತೈಲ ಎಂಬುದು ನೆಚ್ಚಬಹುದಾದ ಅಳತೆ. ಬೇರೆ ಗಾಜಿನ ಪಾತ್ರೆಯಲ್ಲಿ ಎರಡನ್ನೂ ಕಲಕಿ, ಒಂದು ರಾತ್ರಿ ಬಿಟ್ಟು ನೋಡಿ: ತಿಳಿಯಾಗಿದ್ದರೆ ಹೊಂದಿಕೊಂಡಿದೆ, ಮೋಡದಂತೆ ಮಬ್ಬಾಗಿದ್ದರೆ ಅಥವಾ ಎರಡು ಪದರವಾಗಿ ನಿಂತಿದ್ದರೆ ಆ ಜೋಡಿ ಕೂಡುವುದಿಲ್ಲ. ತೆಂಗಿನೆಣ್ಣೆಯನ್ನೇ ಬೇಸ್ ಆಗಿ ಬಳಸಿದವರಿಗೆ ಕೆಲಕಾಲದ ಮೇಲೆ ಮಲ್ಲಿಗೆಯ ಬದಲು ಕಮಟು ವಾಸನೆ ಬರಬಹುದು.

ಕಡ್ಡಿ ಬೆತ್ತದ್ದೇ ಆಗಬೇಕು. ಬೆತ್ತದೊಳಗೆ ಈ ತುದಿಯಿಂದ ಆ ತುದಿಯವರೆಗೆ ಸೂಕ್ಷ್ಮವಾದ ನಳಿಕೆಗಳಿದ್ದು ದ್ರವ ಅವುಗಳ ಮೂಲಕ ಏರುತ್ತದೆ. ಬಿದಿರಿನಲ್ಲಿ ಗಿಣ್ಣು ಅಡ್ಡ ಬರುತ್ತದೆ. ಹಿಡಿಸೂಡಿಯ ಕಡ್ಡಿ, ಊದುಬತ್ತಿಯ ಕಡ್ಡಿ ಪ್ರಯೋಗಿಸಿ ಎಣ್ಣೆ ಏರುತ್ತಿಲ್ಲವೆಂದು ಬರೆದವರಿಗೆ ಉತ್ತರ ಇದೇ. ಸಣ್ಣ ಕೋಣೆಗೆ ಮೂರು, ದೊಡ್ಡದಕ್ಕೆ ಆರು ಕಡ್ಡಿ ಸಾಕು. ವಾರಕ್ಕೊಮ್ಮೆ ಕಡ್ಡಿಗಳನ್ನು ತಿರುಗಿಸಿ ಹಾಕಬೇಕು, ಹೊಸದಾಗಿ ಎಣ್ಣೆ ತುಂಬಿಸುವಾಗ ಹೊಸ ಕಡ್ಡಿ ಹಾಕಬೇಕು; ಹಳೆಯ ಕಡ್ಡಿಯ ನಳಿಕೆಗಳಲ್ಲಿ ಧೂಳು ಕೂತಿರುತ್ತದೆ. ಬಾಟಲಿಯ ಕೆಳಗೆ ಒಂದು ಪಿಂಗಾಣಿ ತಟ್ಟೆ ಇರಲಿ. ಚೆಲ್ಲಿದ ಎಣ್ಣೆ ಹಲಸಿನ ಮರದ ಮೇಜಿನ ಪಾಲಿಶನ್ನು ಒಂದು ರಾತ್ರಿಯಲ್ಲಿ ಎಬ್ಬಿಸಬಲ್ಲದು.

ಬಿಸಿಯಿಂದ ನಡೆಯುವ ಬಟ್ಟಲುಗಳಲ್ಲಿ ಸಾರತೈಲ, ಪರಿಮಳ ತೈಲ ಎರಡನ್ನೂ ಬಳಸಬಹುದು. ಮಂದ ಎಣ್ಣೆಗಳು ನಿಜವಾಗಿ ಅರಳುವುದು ಇಲ್ಲಿಯೇ. ತಣ್ಣನೆಯ ಯಂತ್ರದಲ್ಲಿ ಮುದುಡಿಕೊಂಡಿದ್ದ ಗಂಧ ಬಿಸಿ ತಾಗಿದೊಡನೆ ಕೋಣೆ ತುಂಬುತ್ತದೆ. ಆದರೆ ಫ್ಲಾಶ್ ಪಾಯಿಂಟ್ ಎಂಬುದೊಂದನ್ನು ತಿಳಿದಿರಬೇಕು: ಎಣ್ಣೆಯಿಂದ ಏಳುವ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ ಅದು. ಕಿತ್ತಳೆ, ನಿಂಬೆ, ನೀಲಗಿರಿ ಎಣ್ಣೆಗಳಲ್ಲಿ ಅದು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಇದೆ. ಗಂಧದೆಣ್ಣೆಯಲ್ಲಿ 100 ಡಿಗ್ರಿಗಿಂತ ಮೇಲಿದೆ. ಮೇಣದ ದೀಪದ ಮೇಲಿನ ಒಣ ಬಟ್ಟಲಿಗೆ ಕಿತ್ತಳೆ ಎಣ್ಣೆ ಸುರಿಯುವುದು ಬೆಂಕಿಯೊಂದಿಗೆ ಸರಸವಾಡಿದಂತೆ. ಆದ್ದರಿಂದ ಮೊದಲು ಎರಡು ಮೂರು ದೊಡ್ಡ ಚಮಚ ನೀರು, ಅದರ ಮೇಲೆ 5ರಿಂದ 8 ಹನಿ ಎಣ್ಣೆ, ಆಮೇಲೆ ದೀಪ, ಕ್ರಮ ತಪ್ಪಬಾರದು. ನೀರು ಆರುವ ಮೊದಲೇ ದೀಪ ಆರಿಸಬೇಕು, ಕೋಣೆಯಲ್ಲಿ ಯಾರೂ ಇಲ್ಲದಾಗ ಉರಿಸಬಾರದು. ಕರ್ಪೂರದಾನಿಯಲ್ಲಿ ಕರ್ಪೂರವನ್ನೂ ಎಣ್ಣೆಯನ್ನೂ ಒಟ್ಟಿಗೆ ಹಾಕುವ ಅಭ್ಯಾಸ ಬಿಡಿ. ಒಂದು ಸಲಕ್ಕೆ ಒಂದು. ಉರಿಯುತ್ತಿರುವ ಮೇಣದಬತ್ತಿಯ ಕರಗಿದ ಮೇಣಕ್ಕೆ ಎಣ್ಣೆ ಹನಿಸುವುದಂತೂ ಕೂಡದು.

ಸಾಕೆಟ್ಟಿನ ಯಂತ್ರಕ್ಕೆ ಅದರದೇ ರೀಫಿಲ್ ಹಾಕಿ. ಖಾಲಿಯಾದ ಸೊಳ್ಳೆ ಬಾಟಲಿಗೆ ಸಾರತೈಲ ತುಂಬಿಸುವ ಉಳಿತಾಯದ ಉಪಾಯ ಬೇಡ. ಆ ಬತ್ತಿಯೂ ಅದರ ಬಿಸಿಯೂ ಬೇರೆ ದ್ರವಕ್ಕೆಂದು ಲೆಕ್ಕ ಹಾಕಿದವು.

ಹಂತ 4: ಎಷ್ಟು ಹೊತ್ತು, ಯಾವ ಕಾಲದಲ್ಲಿ?

ಅರ್ಧ ಗಂಟೆಯಿಂದ ಒಂದು ಗಂಟೆ ನಡೆಸಿ, ಅಷ್ಟೇ ಹೊತ್ತು ನಿಲ್ಲಿಸಿ. ಒಂದೇ ಪರಿಮಳದಲ್ಲಿ ಕೂತಿದ್ದರೆ ಮೂಗು ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಒಗ್ಗಿ, ವಾಸನೆಯೇ ಇಲ್ಲವೆನ್ನಿಸುತ್ತದೆ. ಆಗ ಇನ್ನೈದು ಹನಿ ಹಾಕಬೇಡಿ. ಜಗಲಿಗೆ ಹೋಗಿ ಹತ್ತು ನಿಮಿಷ ನಿಂತು ಒಳಗೆ ಬನ್ನಿ. ಹೊರಗಿನಿಂದ ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರೆ ಹನಿ ಹೆಚ್ಚಾಗಿದೆ.

ಮಳೆಗಾಲಕ್ಕೆ ಬೇರೆಯೇ ಲೆಕ್ಕ. ಆಟಿ ತಿಂಗಳಲ್ಲಿ ಹೊದಿಕೆಯೂ ತೇವ, ಗೋಡೆಯೂ ತೇವ, ಒಣಹಾಕಿದ ಬಟ್ಟೆ ಮೂರು ದಿನವಾದರೂ ಹಸಿಯಾಗಿರುವಾಗ ಮುಚ್ಚಿದ ಕೋಣೆಯಲ್ಲಿ ಅಲ್ಟ್ರಾಸಾನಿಕ್ ಯಂತ್ರ ಇಟ್ಟರೆ ಒಂದು ತೊಟ್ಟಿಗೆ 300 ಮಿಲಿಲೀಟರ್ ನೀರನ್ನು ಅದೇ ಗಾಳಿಗೆ ಸೇರಿಸಿದಂತಾಗುತ್ತದೆ. ಮುಗ್ಗಲು ವಾಸನೆಗೆ ಕಾರಣವಾದ ಬೂಷ್ಟಿಗೆ ಅದು ಹಬ್ಬ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಆ ಯಂತ್ರವನ್ನು ತೊಳೆದು ಒಣಗಿಸಿ ಎತ್ತಿಟ್ಟು, ರೀಡ್ ಅಥವಾ ವಿದ್ಯುತ್ ಬಟ್ಟಲನ್ನು ಬಳಸುವುದು ಮೇಲು. ಯಾವುದನ್ನು ಬಳಸಿದರೂ ಬೂಷ್ಟನ್ನು ಮೊದಲು ಒರೆಸಿ ತೆಗೆಯದಿದ್ದರೆ ಮಲ್ಲಿಗೆಯೂ ಮುಗ್ಗಲೂ ಕೂಡಿ ಎರಡಕ್ಕಿಂತ ಕೆಟ್ಟದಾದ ಮೂರನೆಯ ವಾಸನೆಯೊಂದು ಹುಟ್ಟುತ್ತದೆ. ಬಂಗುಡೆ ಹುರಿದ ದಿನಕ್ಕೂ ಇದೇ ಮಾತು ಹೊಂದುತ್ತದೆ: ಮೊದಲು ಕಿಟಕಿ ತೆರೆಯಿರಿ, ಬಾಣಲೆ ತೊಳೆಯಿರಿ, ಆಮೇಲೆ ನಿಂಬೆಯದೋ ಮಜ್ಜಿಗೆ ಹುಲ್ಲಿನದೋ ನಾಲ್ಕು ಹನಿ. ಮೀನಿನ ವಾಸನೆಯ ಮೇಲೆ ಗುಲಾಬಿ, ವೆನಿಲ್ಲಾದಂತಹ ಸಿಹಿ ಪರಿಮಳ ಖಂಡಿತ ಬೇಡ.

ಮಳೆಗಾಲದ ಮೊದಲೂ ಕೊನೆಗೂ ಗುಡುಗು ಸಿಡಿಲು ಜೋರಾಗಿರುವ ದಿನಗಳಲ್ಲಿ ಅಡಾಪ್ಟರನ್ನು ಸಾಕೆಟ್ಟಿನಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಸೊಳ್ಳೆಯ ಪ್ರಶ್ನೆಯೂ ಪ್ರತಿವರ್ಷ ಬರುತ್ತದೆ. ಸಿಟ್ರೊನೆಲ್ಲ, ಮಜ್ಜಿಗೆ ಹುಲ್ಲಿನ ವಾಸನೆ ಸೊಳ್ಳೆಗೆ ಹಿಡಿಸದಿರಬಹುದು, ಆದರೆ ಮಲೇರಿಯಾ, ಡೆಂಗಿ ಕಂಡ ಊರಿನಲ್ಲಿ ಡಿಫ್ಯೂಸರನ್ನು ನಂಬಿ ಸೊಳ್ಳೆ ಪರದೆಯನ್ನು ಮಡಚಿಡಬಾರದು.

ಹಂತ 5: ಶುಚಿಗೊಳಿಸುವುದು

ಅಲ್ಟ್ರಾಸಾನಿಕ್ ಯಂತ್ರದಲ್ಲಿ ಉಳಿದ ನೀರನ್ನು ಅಂದೇ ಚೆಲ್ಲಿ, ಒಳಗೆ ಒಣಬಟ್ಟೆಯಿಂದ ಒರೆಸಬೇಕು. ಗಾಳಿ ಬೀಸುವ ತೂತಿನ ಕಡೆಯಿಂದ ಚೆಲ್ಲಿದರೆ ನೀರು ವಿದ್ಯುತ್ ಭಾಗಕ್ಕೆ ಇಳಿಯುತ್ತದೆ. ಯಾವ ಬದಿಯಿಂದ ಚೆಲ್ಲಬೇಕೆಂಬ ಗುರುತು ಸಾಮಾನ್ಯವಾಗಿ ತೊಟ್ಟಿಯ ಅಂಚಿನಲ್ಲಿರುತ್ತದೆ. ವಾರಕ್ಕೊಮ್ಮೆ ಅರ್ಧ ತೊಟ್ಟಿ ನೀರಿಗೆ ಒಂದು ಸಣ್ಣ ಚಮಚ ಬಿಳಿ ವಿನೆಗರ್ ಹಾಕಿ, ಕಿಟಕಿ ತೆರೆದು ಐದು ನಿಮಿಷ ನಡೆಸಿ, ಚೆಲ್ಲಿ, ಹತ್ತಿಕಡ್ಡಿಯಿಂದ ತಟ್ಟೆಯನ್ನು ಮೆಲ್ಲಗೆ ಒರೆಸಿ. ಲೇಖನದ ಆರಂಭದಲ್ಲಿ ಹೇಳಿದ, ಮಂಜು ನಿಂತುಹೋದ ಯಂತ್ರಗಳಲ್ಲಿ ಎಷ್ಟೋ ಈ ಒಂದು ಕೆಲಸದಿಂದಲೇ ಮತ್ತೆ ನಡೆಯತೊಡಗುತ್ತವೆ. ತಟ್ಟೆಯನ್ನು ಉಗುರಿನಿಂದಲೋ ಚಾಕುವಿನಿಂದಲೋ ಕೆರೆದರೆ ಅದು ಶಾಶ್ವತವಾಗಿ ಹಾಳಾಗುತ್ತದೆ. ನೆಬ್ಯುಲೈಸಿಂಗ್ ಯಂತ್ರದ ಗಾಜಿನ ನಳಿಕೆಗೆ ವಿನೆಗರ್ ಅಲ್ಲ, ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು; ಯಂತ್ರದಿಂದ ಬಿಚ್ಚಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಮರಳಿ ಕೂರಿಸಬೇಕು. ಪರಿಮಳ ಬದಲಿಸುವಾಗಲೆಲ್ಲ ತೊಳೆಯುವುದು ಕಡ್ಡಾಯ.

ಬಾಟಲಿಗಳನ್ನು ಬಿಸಿಲು, ಒಲೆಗಳಿಂದ ದೂರ, ಮುಚ್ಚಳ ಬಿಗಿಮಾಡಿ ನೇರವಾಗಿ ನಿಲ್ಲಿಸಿಡಿ. ರಬ್ಬರಿನ ಡ್ರಾಪರನ್ನೇ ಮುಚ್ಚಳವಾಗಿ ಬಿಟ್ಟರೆ ಸಾರತೈಲದ ಆವಿಗೆ ರಬ್ಬರು ಮೆತ್ತಗಾಗಿ ಅಂಟಾಗುತ್ತದೆ. ಕಿತ್ತಳೆ, ನಿಂಬೆ ಎಣ್ಣೆಗಳು ಗಾಳಿ ತಾಗಿ ಬೇಗ ಹಳಸುವುದರಿಂದ ಬಾಟಲಿಯ ಮೇಲೆ ತೆರೆದ ದಿನಾಂಕ ಬರೆದು ಒಂದು ವರ್ಷದೊಳಗೆ ಮುಗಿಸುವುದು ಒಳ್ಳೆಯದು. ಗಂಧ, ಲಾವಂಚಕ್ಕೆ ಆ ಅವಸರವಿಲ್ಲ.

ಹಂತ 6: ಮನೆಯಲ್ಲಿ ಯಾರಿದ್ದಾರೆ?

ಇದನ್ನು ಕೊನೆಯಲ್ಲಿ ಬರೆದಿದ್ದರೂ ಎಣ್ಣೆ ಕೊಳ್ಳುವ ಮೊದಲೇ ಯೋಚಿಸಬೇಕು. ಉಬ್ಬಸವಿದ್ದವರಿಗೆ ಯಾವ ಸುಗಂಧವೂ, ಶುದ್ಧವಾಗಿರಲಿ ಕೃತಕವಾಗಿರಲಿ, ತೊಂದರೆ ಕೊಡಬಹುದು. ಎಳೆಯ ಮಕ್ಕಳಿರುವ ಕೋಣೆಯಲ್ಲಿ ನೀಲಗಿರಿ, ಕರ್ಪೂರ, ಪುದೀನಾ ಎಣ್ಣೆಗಳು ಬೇಡ. ಶೀತವಾದ ಕೂಸಿನ ತಲೆಯ ಬಳಿ ನೀಲಗಿರಿ ಡಿಫ್ಯೂಸರ್ ಇಡುವುದು ಉಪಕಾರವೆಂದು ಹಿರಿಯರು ಭಾವಿಸುತ್ತಾರೆ. ಅವರಿಗೆ ಮೆಲ್ಲಗೆ ತಿಳಿಹೇಳಿ. ಗರ್ಭಿಣಿಯರು, ಬಾಣಂತಿಯರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಬೆಕ್ಕಿನ ಯಕೃತ್ತಿಗೆ ಈ ಎಣ್ಣೆಗಳಲ್ಲಿನ ಎಷ್ಟೋ ಅಂಶಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ಟೀ ಟ್ರೀ ಎಣ್ಣೆ ಅದಕ್ಕೂ ನಾಯಿಗೂ ವಿಷ. ಮಂಜಿನ ಕಣಗಳು ಬೆಕ್ಕಿನ ರೋಮದ ಮೇಲೆ ಕೂತು, ಅದು ಮೈ ನೆಕ್ಕಿಕೊಳ್ಳುವಾಗ ಹೊಟ್ಟೆಗೆ ಸೇರುತ್ತವೆ. ಬೆಕ್ಕಿರುವ ಮನೆಯಲ್ಲಿ ಡಿಫ್ಯೂಸರ್ ಬಳಸಲೇಬೇಕೆಂದಿದ್ದರೆ ಬೆಕ್ಕು ಬರಲಾಗದ ಕೋಣೆಯಲ್ಲಿ, ಕಿಟಕಿ ತೆರೆದು ಬಳಸಿ. ಪಂಜರದ ಹಕ್ಕಿಗಳಿದ್ದರೆ ಬಳಸದಿರುವುದೇ ಸರಿ.

ಮಗು ಎಣ್ಣೆ ಕುಡಿದರೆ ಬೆರಳು ಹಾಕಿ ವಾಂತಿ ಮಾಡಿಸಬಾರದು, ಎಣ್ಣೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಕ್ಷಣ ಆಸ್ಪತ್ರೆಗೆ ಓಡಿ. ಒಳಗಿರುವುದು ಸಾರತೈಲವೋ ಪರಿಮಳ ತೈಲವೋ ಎಂಬುದನ್ನು ವೈದ್ಯರು ಮೊದಲು ಓದುವುದು ಅದರ ಚೀಟಿಯಲ್ಲಿಯೇ, ಆದ್ದರಿಂದ ಎಣ್ಣೆಯನ್ನು ಎಂದೂ ಹೆಸರಿಲ್ಲದ ಬೇರೆ ಬಾಟಲಿಗೆ ಬಗ್ಗಿಸಿಡಬೇಡಿ.